ಹೊಡೆತದ ಗುರುತು ಅಂದುಕೊಂಡಿದ್ದು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಆಕೆಯನ್ನು ಟೀಚರ್ ಎಂದೇ ಕರೆಯುತ್ತೇನೆ.)

ಟೀಚರನ್ನು ನನ್ನ ಹತ್ತಿರ ಕಳಿಸಿದ್ದು ಅವರ ಶಾಲೆಯ ಹೆಡ್ ಮೇಡಂ. ತೋಳಿನ ಮೇಲೆ, ಸೊಂಟದ ಬಳಿ ಕಂದುಗಟ್ಟಿದ ಕಲೆ ಕಂಡು, ಗಂಡ ಹೊಡೆಯುತ್ತಾನೇನೋ ಅಂತ ಅವರಿಗೆ ಅನುಮಾನ. ಗಂಡನೂ ಜೊತೆಗೆ ಬಂದಿದ್ದರು, ಮುಖ ಗಂಟು ಹಾಕಿಕೊಂಡು. ಸ್ಟಾಫ್ ರೂಮಿನ ಗುಸುಗುಸು ಅವರ ಕಿವಿಗೂ ಬಿದ್ದಿತ್ತು.

ಇಂಥ ಪ್ರಶ್ನೆಯನ್ನು ಗಂಡನ ಎದುರು ಕೇಳುವಂತಿಲ್ಲ. ಅವರನ್ನು ಹೊರಗೆ ಕೂರಿಸಿ ನೇರವಾಗಿಯೇ ಕೇಳಿದೆ: "ಮನೇಲಿ ಯಾರಾದರೂ ಕೈ ಮಾಡ್ತಾರಾ ಟೀಚರ್?"

"ಇಲ್ಲ ಮೇಡಂ. ಪಿತ್ತದ ಗಂಧೆ ಏಳ್ತವೆ. ಅವು ಇಳಿದ ಮೇಲೆ ಹೀಗೆ ಕಪ್ಪಾಗಿ ಉಳೀತವೆ. ಹೇಳಿದ್ರೆ ಯಾರೂ ನಂಬಲ್ಲ."

ಮತ್ತೊಂದು ದಿನ ಒಬ್ಬರೇ ಬಂದಾಗಲೂ ಕೇಳಿದೆ. ಉತ್ತರ ಅದೇ. ಹೆದರಿಕೆ ಮುಚ್ಚಿಟ್ಟವರ ಮಾತಿನಂತೆ ಅದು ಇರಲಿಲ್ಲ.

ಎರಡು ವರ್ಷದಿಂದ ಗಂಧೆ. ಅವಿಲ್ ಇಂಜೆಕ್ಷನ್, ಸೆಟ್ರಿಜಿನ್ ಮಾತ್ರೆ, ಅತ್ತೆಯವರ ಕಂಬಳಿ ಉಜ್ಜುವ ಮದ್ದು, ಪುನರ್ಪುಳಿ ಶರಬತ್ತು ಎಲ್ಲಾ ಆಗಿತ್ತು. ಬದನೆಕಾಯಿ, ಮೊಟ್ಟೆ, ಕಡಲೆಕಾಯಿ, ಮೀನು ಒಂದೊಂದಾಗಿ ತಟ್ಟೆಯಿಂದ ಹೋಗಿ, ಅನ್ನ-ಸಾರು ಉಳಿದಿತ್ತು. ಕೊನೆಗೊಬ್ಬ ಡಾಕ್ಟರು "ಟೆನ್ಶನ್ ಕಡಿಮೆ ಮಾಡ್ಕೊಳ್ಳಿ" ಅಂದಿದ್ದರು. ಟೆನ್ಶನ್ನಿಂದ ಗಂಧೆ ಜಾಸ್ತಿ ಆಗಬಹುದು, ಅದು ನಿಜ. ಆದರೆ ಚರ್ಮವನ್ನು ಸರಿಯಾಗಿ ನೋಡುವ ಮೊದಲೇ ಆ ಮಾತು ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ತುರಿಕೆಗಿಂತ ಉರಿ, ನೋವು ಜಾಸ್ತಿ ಅಂದರು. ಒಂದೇ ಗಂಧೆ ಎರಡು ದಿನ ಅಲ್ಲೇ ಇರುತ್ತದಂತೆ. ಬೆಳಿಗ್ಗೆ ಬೆರಳ ಗಂಟು ಹಿಡಿದು, ಬೋರ್ಡ್ ಮೇಲೆ ಬರೆಯಲು ಕಷ್ಟ.

ಆರು ವಾರಕ್ಕಿಂತ ಜಾಸ್ತಿ ದಿನ ಬಂದುಹೋಗುವ ಗಂಧೆಗೆ ದೀರ್ಘಕಾಲದ ಅರ್ಟಿಕೇರಿಯಾ ಅನ್ನುತ್ತಾರೆ. ಅದರಲ್ಲಿ ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ, ಕಲೆ ಬಿಡದೆ ಮಾಯವಾಗುತ್ತದೆ. ಮತ್ತೆ ಬೇರೆ ಕಡೆ ಏಳುತ್ತದೆ. ಕೆಲವೇ ಕೆಲವರಲ್ಲಿ ಮಾತ್ರ ಚರ್ಮದ ಸಣ್ಣ ರಕ್ತನಾಳಗಳ ಗೋಡೆಗೇ ಉರಿಯೂತ ಬಂದಿರುತ್ತದೆ. ಅದು ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸ್. ನಾಳದಿಂದ ರಕ್ತಕಣ ಹೊರಗೆ ಸೋರುವುದರಿಂದ ಗಂಧೆ ಇಳಿದರೂ ಏಟು ಬಿದ್ದಂಥ ಕಲೆ ಉಳಿಯುತ್ತದೆ.

ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸವಲ್ಲ. ಚರ್ಮರೋಗ ತಜ್ಞರ ಹತ್ತಿರ ಏನು ಹಿಡಿದುಕೊಂಡು ಹೋಗಬೇಕು ಅಂತ ಹೇಳಬಲ್ಲೆ. ಹೊಸ ಗಂಧೆ ಎದ್ದ ತಕ್ಷಣ ಪೆನ್ನಿನಲ್ಲಿ ಸುತ್ತ ಗೆರೆ ಎಳೆದು ಹೊತ್ತು ಬರೆದಿಡಿ, ಮರುದಿನ ಅದೇ ಹೊತ್ತಿಗೆ ನೋಡಿ, ಎರಡೂ ಸಲ ಬೆಳಕಿನಲ್ಲಿ ಫೋಟೋ ತೆಗೆಯಿರಿ ಅಂದೆ. ನೋವಿನ ಮಾತ್ರೆ, ನಾಟಿ ಪುಡಿ ಏನೇ ನುಂಗುತ್ತಿದ್ದರೂ ಚೀಟಿಯಲ್ಲಿರಲಿ. ಜ್ವರ, ಕಣ್ಣು ಕೆಂಪಾಗುವುದು, ಉಬ್ಬಸ, ಹೊಟ್ಟೆನೋವು, ಮೂತ್ರದಲ್ಲಿ ನೊರೆ ಅಥವಾ ರಕ್ತ ಕಂಡರೆ ಬಿಡದೆ ಹೇಳಿ. ತುಟಿ-ನಾಲಿಗೆ ಊದಿಕೊಂಡು ಉಸಿರು ಕಟ್ಟಿದರೆ ಮಾತ್ರ ಚೀಟಿ ಗೀಟಿ ಬಿಟ್ಟು ಸೀದಾ ಆಸ್ಪತ್ರೆಗೆ.

ತಜ್ಞರು ಫೋಟೋ ನೋಡಿ ಬಯಾಪ್ಸಿ ಮಾಡಿಸಿದರು. 24 ಗಂಟೆ ದಾಟಿದ ಗಂಧೆಯೆಲ್ಲಾ ಇದೇ ಅಲ್ಲ. ಬಿಗಿಯಾಗಿ ಒತ್ತಿದ ಕಡೆ ತಡವಾಗಿ ಏಳುವ ಇನ್ನೊಂದು ಬಗೆಯೂ ಎರಡು ಮೂರು ದಿನ ಇರುತ್ತದೆ. ಹಾಗಾಗಿ ಚರ್ಮದ ಚೂರನ್ನೇ ನೋಡಬೇಕು. ಬಯಾಪ್ಸಿ ಅಂದಕೂಡಲೇ ಅತ್ತೆಯವರು ಕ್ಯಾನ್ಸರ್ ಅಂತ ಅತ್ತುಬಿಟ್ಟರು. ಮರಗಟ್ಟಿಸಿ, ಹೊಸ ಗಂಧೆಯಿಂದ ಕೆಲವೇ ಮಿಲಿಮೀಟರ್ ಅಗಲದ ಚೂರು ತೆಗೆದು, ಹೊಲಿಗೆ ಹಾಕಿ ಕಳಿಸುತ್ತಾರೆ, ಅಷ್ಟೇ. ಅದನ್ನು ಅತ್ತೆಗೆ ಹೇಳಿದ್ದು ಟೀಚರ್ ಅಲ್ಲ, ನಾನು. ಹೊರಗಿನವರ ಬಾಯಲ್ಲಿ ಕೆಲವು ಮಾತು ಬೇಗ ಇಳಿಯುತ್ತವೆ.

ರಿಪೋರ್ಟ್ ವ್ಯಾಸ್ಕುಲೈಟಿಸ್ ಅಂತಲೇ ಬಂತು. ದೇಹದ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿ3, ಸಿ4 ಎಂಬ ಪ್ರೋಟೀನುಗಳು ರಕ್ತದಲ್ಲಿ ಸರಿಯಿದ್ದವು. ಇವು ಕಡಿಮೆಯಿದ್ದರೆ ಲೂಪಸ್‌ನಂಥ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ) ಕಾಯಿಲೆಯನ್ನೂ, ಕಿಡ್ನಿ, ಶ್ವಾಸಕೋಶವನ್ನೂ ಇನ್ನಷ್ಟು ಹುಡುಕಿ ನೋಡುತ್ತಾರೆ. ಮೂತ್ರದಲ್ಲೂ ತೊಂದರೆ ಇರಲಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿ, ಉರಿಯೂತ ಇಳಿಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಜೊತೆಗೆ ಸ್ವಲ್ಪ ದಿನಕ್ಕೆ ಸ್ಟೀರಾಯ್ಡ್ ಕೊಟ್ಟರು. ಕಲೆ ಕಡಿಮೆಯಾಯ್ತು ಅಂತ ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ, ಚೀಟಿಯಲ್ಲಿ ಬರೆದ ಹಾಗೇ ಇಳಿಸಿ ಅಂತ ನಾನೂ ಒತ್ತಿ ಹೇಳಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೆಲಸ ತೋರಿಸಲು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಇದು ಮೊದಲೇ ಗೊತ್ತಿರದಿದ್ದರೆ ಜನ ಹದಿನೈದನೇ ದಿನ ಡಾಕ್ಟರನ್ನೇ ಬದಲಿಸುತ್ತಾರೆ.

ಊಟದ ಬಗ್ಗೆ ಟೀಚರ್ ಡಾಕ್ಟರನ್ನೇ ಕೇಳಲಿ ಅಂದೆ. ತಿಂದಾಗಲೆಲ್ಲ ಏಳುವ ಪದಾರ್ಥ ಯಾವುದೂ ಇಲ್ಲದ ಕಾರಣ ಪಥ್ಯ ಬೇಡ ಅಂದರಂತೆ. ಅತ್ತೆಯವರು ಬದನೆಕಾಯಿ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಗಂಡನ ಜೊತೆಗಿನ ಮಾತೇ ಕಷ್ಟದ್ದಾಯ್ತು. "ನನ್ನ ಮಾನ ಹೋಯ್ತಲ್ಲ ಮೇಡಂ, ಹೆಡ್ ಮೇಡಂ ಕ್ಷಮೆ ಕೇಳ್ಲಿ" ಅಂತ ಹಟ. ಅವರ ನೋವು ಸುಳ್ಳಲ್ಲ. ಆದರೂ ನಾನು ಅದಕ್ಕೆ ಒಪ್ಪಲಿಲ್ಲ. ಮೈಮೇಲೆ ಕಲೆ ಕಂಡು ಕೇಳಿದವರಿಂದ ಕ್ಷಮೆ ಕೇಳಿಸಿದರೆ, ನಿಜವಾಗಿ ಏಟು ತಿಂದ ಹೆಂಗಸಿನ ಬಗ್ಗೆ ನಾಳೆ ಯಾರು ಕೇಳುತ್ತಾರೆ? ಗುಸುಗುಸು ಹಬ್ಬಿಸಿದ್ದು ಬೇರೆಯವರು, ಅದು ಬೇರೆ ಮಾತು ಅಂದೆ. ಸ್ಟಾಫ್ ರೂಮಿನಲ್ಲಿ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದನ್ನು ಟೀಚರಿಗೇ ಬಿಟ್ಟೆವು. "ರಕ್ತನಾಳದ ಉರಿಯೂತ, ಅಂಟು ರೋಗ ಅಲ್ಲ, ಔಷಧಿ ನಡೀತಿದೆ" ಎಂಬ ಇಷ್ಟನ್ನು ಅವರೇ ಆರಿಸಿಕೊಂಡರು.

ಗಂಡ ಸೆಷನ್ನಿಗೆ ಮತ್ತೆ ಬಂದಿಲ್ಲ. ತಜ್ಞರ ಹತ್ತಿರ ಹೋಗುವಾಗ ಮಾತ್ರ ತಪ್ಪದೆ ಜೊತೆಗೆ ಹೋಗುತ್ತಾರಂತೆ. ಗಂಧೆ ಈಗಲೂ ಏಳುತ್ತವೆ, ಮೊದಲಿಗಿಂತ ಕಡಿಮೆ.