ಹೆಸರೇ ಮರೆತ ಪತ್ತೇದಾರನಿಗೆ ಪತ್ತೇದಾರಿಕೆ ಹೇಗೆ ನೆನಪಿತ್ತು?

ನಿಮ್ಮ ಪ್ರಶ್ನೆ ಇದು: ‘ಮರ್ಡಾಕ್ ಮಿಸ್ಟರೀಸ್’ ಟಿವಿ ಸರಣಿಯ ಮೂರನೇ ಸೀಸನ್ನಿನ ಮೊದಲ ಕಂತಿನಲ್ಲಿ ನಾಯಕನಿಗೆ ತಾನು ಯಾರು ಅನ್ನುವುದೇ ಮರೆತುಹೋಗಿದೆ. ಆದರೂ ಅವನ ಪತ್ತೇದಾರಿ ಬುದ್ಧಿ ಮಾತ್ರ ಚುರುಕಾಗಿಯೇ ಇದೆ. ಇದು ಹೇಗೆ ಸಾಧ್ಯ, ಬರೆದವರು ಸುಮ್ನೆ ತಮಗೆ ಅನುಕೂಲ ಆಗುವ ಹಾಗೆ ಮಾಡಿಕೊಂಡಿದ್ದಾರೆ ಅಲ್ವಾ ಅಂತ ಕೇಳಿದ್ದೀರಿ.

ಅಲ್ಲ ಅಂತ ನನ್ನ ಉತ್ತರ. ಬುದ್ಧಿ ಉಳಿದದ್ದು ಆ ಕಂತಿನಲ್ಲಿ ನಿಜಕ್ಕೆ ತೀರಾ ಹತ್ತಿರದ ವಿಷಯ. ಅನುಮಾನ ಪಡುವುದಾದರೆ ಹೆಸರು ಮರೆತದ್ದರ ಬಗ್ಗೆ ಪಡಬೇಕು.

ನಾನು ವೈದ್ಯನಲ್ಲ. ಕಾರವಾರದಲ್ಲಿ ಕಚೇರಿ ಕೆಲಸ ಮಾಡುವವನು. ಊರು ಶಿರಸಿಯ ಕಡೆ ಒಂದು ಹಳ್ಳಿ, ಮನೆಯಲ್ಲಿ ಅಡಿಕೆ ತೋಟ. ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನನ್ನ ಅಪ್ಪಯ್ಯ.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳು. ಮನೆಯಲ್ಲಿ ಅಡಿಕೆ ಸುಲಿಯುವ ಗಡಿಬಿಡಿ. ಅಪ್ಪಯ್ಯನಿಗೆ ಆಗ 61 ವರ್ಷ. ಬೆಳಿಗ್ಗೆ ತೋಟದಿಂದ ಕೊನೆಗಳನ್ನು, ಅಂದರೆ ಅಡಿಕೆ ಗೊನೆಗಳನ್ನು, ಹೊತ್ತು ತಂದು ಅಂಗಳದಲ್ಲಿ ಹಾಕಿದ. ಒಳಗೆ ಬಂದು ಚಹ ಕುಡಿದ. ಐದು ನಿಮಿಷ ಬಿಟ್ಟು ಆಯಿಯ, ಅಂದರೆ ನನ್ನ ಅಮ್ಮನ, ಹತ್ತಿರ ಚಹ ಆಯ್ತಾ ಅಂತ ಕೇಳಿದ. ಆಯಿ ಮೊದಲು ತಮಾಷೆ ಅಂದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ‘ತಮಾ, ಕೊನೆಗೌಡ ಬಂದ್ನಾ?’ ಅಂದ. ಕೊನೆಗೌಡ ಅಂದರೆ ಮರ ಹತ್ತಿ ಕೊನೆ ಕೊಯ್ಯುವವನು. ಬಂದಿದ್ದಾನೆ, ತೋಟದಲ್ಲಿ ಮರ ಹತ್ತುತ್ತಿದ್ದಾನೆ ಅಂದೆ. ‘ಹೌದಾ’ ಅಂದ. ಎರಡು ನಿಮಿಷಕ್ಕೆ ಮತ್ತೆ, ‘ತಮಾ, ಕೊನೆಗೌಡ ಬಂದ್ನಾ?’

ಅದೇ ಮಾತು, ಅದೇ ಧ್ವನಿ. ಮೂವತ್ತು ಸಲಕ್ಕೆ ಕಡಿಮೆ ಇಲ್ಲ. ನಡುವೆ ನಡುವೆ, ‘ಇವತ್ತು ಯಾವ ವಾರ?’ ಅಂತ. ನನಗೆ ಕೈಕಾಲು ತಣ್ಣಗಾಯಿತು. ಕಾರಿಗೆ ಫೋನ್ ಮಾಡಿದೆವು. ನಮ್ಮ ಹಳ್ಳಿಗೆ ಕಾರು ಬರಲು ಒಂದು ಗಂಟೆ ಬೇಕು. ಮಲಗು ಅಂದರೆ ಕೇಳಲಿಲ್ಲ. ಸೀದಾ ಹೋಗಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು ಶುರು ಮಾಡಿದ.

ಕೈ ತೆಗೆಯಲು ನಾನು ಓಡಿದೆ. ಆ ಕತ್ತಿ ಗೊತ್ತಿದ್ದವರಿಗೆ ನನ್ನ ಹೆದರಿಕೆ ಅರ್ಥ ಆಗುತ್ತದೆ. ಒಂದು ಕ್ಷಣ ತಪ್ಪಿದರೆ ಬೆರಳು ಹೋಗುತ್ತದೆ. ಆದರೆ ಅಪ್ಪಯ್ಯನ ಕೈ ಯಾವತ್ತಿನ ಹಾಗೇ ಓಡುತ್ತಿತ್ತು. ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಒಂದೂ ಗಾಯ ಇಲ್ಲ, ಒಂದೂ ಒಡೆದ ಅಡಿಕೆ ಇಲ್ಲ. ಬಾಯಿ ಮಾತ್ರ ಕೇಳುತ್ತಲೇ ಇತ್ತು, ಕೊನೆಗೌಡ ಬಂದ್ನಾ ಅಂತ.

ಶಿರಸಿಯ ಒಂದು ಆಸ್ಪತ್ರೆಗೆ ಹೋದೆವು, ಅಲ್ಲಿಂದ ಹುಬ್ಬಳ್ಳಿಗೆ. ಲಕ್ವ ಅಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ವೈದ್ಯರು ಇದಕ್ಕೆ ‘ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಶಿಯಾ’ ಅನ್ನುತ್ತಾರೆ ಅಂದರು. ಕೆಲವು ಗಂಟೆ ಮಿದುಳು ಹೊಸ ನೆನಪು ಬರೆದುಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತದೆ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುತ್ತದೆ. ಭಾರಿ ದುಡಿಮೆ, ತಣ್ಣೀರಿನ ಸ್ನಾನ, ಮನಸ್ಸಿಗೆ ದೊಡ್ಡ ಆಘಾತ, ಇಂಥದ್ದರ ಬೆನ್ನಿಗೆ ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆ. 24 ಗಂಟೆಯ ಒಳಗೆ ಹೋಗುತ್ತದೆ. ಅಪ್ಪಯ್ಯನಿಗೂ ಸಂಜೆಯ ಹೊತ್ತಿಗೆ ಹೋಯಿತು. ಮನೆಯಲ್ಲಿ ಯಾರಾದರೂ ಹೀಗೆ ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಇದೇ ಇರಬಹುದು ಅಂತ ಕಾಯಬೇಡಿ. ಲಕ್ವವೂ ಹೀಗೇ ಕಾಣಬಹುದು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮರುದಿನ ಮನೆಗೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿದ್ದ ಅಡಿಕೆ ನೋಡಿದ. ಅರ್ಧ ಡಬ್ಬ ಇರಬಹುದು. ‘ಇದನ್ನ ಯಾರು ಸುಲಿದದ್ದು? ಚೆನ್ನಾಗಿ ಸುಲಿದಿದ್ದಾರೆ’ ಅಂದ. ಅವನೇ ಸುಲಿದದ್ದು ಅಂದರೆ ನಂಬಲು ಬಹಳ ಹೊತ್ತು ಬೇಕಾಯಿತು.

ಈಗ ಮರ್ಡಾಕ್‌ಗೆ ಬರುತ್ತೇನೆ. ನೋಡದವರಿಗೆ ಎರಡು ಮಾತು. ಇದು ಕೆನಡಾದ ಸರಣಿ, 2008ರಲ್ಲಿ ಶುರುವಾಯಿತು. ಮೌರೀನ್ ಜೆನ್ನಿಂಗ್ಸ್ ಅವರ ಕಾದಂಬರಿಗಳಿಂದ ಹುಟ್ಟಿದ್ದು. ಕತೆ ಶುರುವಾಗುವುದು 1890ರ ದಶಕದ ಟೊರಾಂಟೊದಲ್ಲಿ. ಬೆರಳಚ್ಚು, ರಕ್ತದ ಕಲೆ ಅಂತ ಆಗಿನ ಪೊಲೀಸರಿಗೆ ಹೊಸದಾಗಿದ್ದ ವಿದ್ಯೆಗಳನ್ನು ಹಿಡಿದು ಕೊಲೆ ಪತ್ತೆ ಮಾಡುವ ವಿಲಿಯಂ ಮರ್ಡಾಕ್. ಪಾತ್ರ ಮಾಡಿದವರು ಯಾನಿಕ್ ಬಿಸನ್. ನೀವು ಹೇಳುವ ಕಂತು 2010ರದ್ದು. ಅದರಲ್ಲಿ ಮರ್ಡಾಕ್ ಸಮುದ್ರದ ಆಚೆ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಣ್ಣು ಬಿಡುತ್ತಾನೆ. ತಾನು ಯಾರು, ಇಲ್ಲಿಗೆ ಯಾಕೆ ಬಂದೆ, ಒಂದೂ ಗೊತ್ತಿಲ್ಲ.

ಸುಳಿವು ಕಂಡ ಕಡೆ ಕಣ್ಣು ಹೋಗುವುದು, ಎದುರಿಗಿರುವವರ ಬಟ್ಟೆ, ಕೈ ನೋಡಿ ಅವರು ಎಂಥವರು ಅಂತ ಲೆಕ್ಕ ಹಾಕುವುದು, ಇವು ಅವನ ಮೆಟ್ಟುಗತ್ತಿ. ವರ್ಷಗಟ್ಟಲೆ ಮಾಡಿ ಮಾಡಿ ಮೈಗೆ ಹತ್ತಿದ ಕೆಲಸ. ಅದು ಇರುವ ಜಾಗ ಬೇರೆ. ನಿನ್ನೆ ಏನಾಯಿತು ಅನ್ನುವ ನೆನಪು ಇರುವ ಜಾಗ ಬೇರೆ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆ ರೋಗ ವಾಸಿಯಾಗಲಿ ಅಂತ 1953ರಲ್ಲಿ, 27ನೇ ವಯಸ್ಸಿಗೆ, ಶಸ್ತ್ರಚಿಕಿತ್ಸೆ ಮಾಡಿ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ, ಅಂದರೆ ಹೊಸ ನೆನಪು ಕೂಡಿಡಲು ಬೇಕಾದ ಜಾಗದ, ದೊಡ್ಡ ಭಾಗವನ್ನು ತೆಗೆದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ಹೊಸ ವಿಷಯ ಒಂದೂ ಸರಿಯಾಗಿ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಒಂದು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮಾಡಿ ನೋಡಿ, ಕೈ ಎಲ್ಲೆಲ್ಲೋ ಹೋಗುತ್ತದೆ. ಮೂರು ದಿನದಲ್ಲಿ ಮೊಲೈಸನ್ ಅದರಲ್ಲಿ ಪಳಗಿಬಿಟ್ಟರು. ಆದರೆ ಹಿಂದಿನ ದಿನ ಇದನ್ನು ಮಾಡಿದ್ದು ಅವರಿಗೆ ಗೊತ್ತೇ ಇರಲಿಲ್ಲ. ನಮ್ಮ ಜಗಲಿಯ ಅಡಿಕೆ ರಾಶಿಯ ಕತೆಯೇ, ಅಲ್ವಾ?

ಹಾಗಾದರೆ ಹೆಸರು? ಇಲ್ಲಿ ನಿಮ್ಮ ಅನುಮಾನಕ್ಕೆ ಬಲ ಇದೆ. ಅಪ್ಪಯ್ಯನಿಗೆ ತನ್ನ ಹೆಸರು ಗೊತ್ತಿತ್ತು. ಮೊಲೈಸನ್‌ಗೂ ಗೊತ್ತಿತ್ತು. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಪೆಟ್ಟಿಗೆ ಮುಂಚಿನ ಸ್ವಲ್ಪ ಹೊತ್ತು, ನಂತರದ ಕೆಲವು ಗಂಟೆ ಅಥವಾ ದಿನ ಕಳೆದುಕೊಳ್ಳುತ್ತಾರೆ. ಫ್ರಾನ್ಸಿನ ರಿಬೊ ಎಂಬ ಪಂಡಿತ 1881ರಲ್ಲೇ ಬರೆದಿದ್ದ, ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಗಟ್ಟಿಯಾಗಿ ನಿಲ್ಲುತ್ತದೆ ಅಂತ. ಸ್ವಂತ ಹೆಸರಿಗಿಂತ ಹಳೆಯದು ಯಾವುದಿದೆ? ಅದೊಂದೇ ಹೋಗಿ, ಮಾತು, ಓದು, ಲೆಕ್ಕ ಎಲ್ಲ ಉಳಿಯುವುದು ಪೆಟ್ಟಿನಿಂದ ಬಹಳ ಅಪರೂಪ. ಹಾಗಾದಾಗ ವೈದ್ಯರು ಹೆಚ್ಚಾಗಿ ಮನಸ್ಸಿನ ಕಡೆ ಕಾರಣ ಹುಡುಕುತ್ತಾರೆ. ತಡೆಯಲಾಗದ ಸಂಕಟಕ್ಕೆ ಮನಸ್ಸೇ ಬಾಗಿಲು ಹಾಕಿಕೊಳ್ಳುವುದು.

ಅಂಥದ್ದು ಮರ್ಡಾಕ್‌ನ ಕಾಲಕ್ಕೆ ಸ್ವಲ್ಪ ಮುಂಚೆ ನಿಜವಾಗಿ ನಡೆದಿದೆ. ಆನ್ಸೆಲ್ ಬೋರ್ನ್ ಅಂತ ಅಮೆರಿಕದ ಒಬ್ಬ ಧರ್ಮಪ್ರಚಾರಕ. 1887ರ ಜನವರಿಯಲ್ಲಿ ಬ್ಯಾಂಕಿನಿಂದ ಹಣ ತೆಗೆದುಕೊಂಡು ಹೋದವನು ಮನೆಗೆ ಬರಲಿಲ್ಲ. ಮಾರ್ಚ್ 14ರ ಬೆಳಿಗ್ಗೆ ಪೆನ್ಸಿಲ್ವೇನಿಯಾದ ನಾರಿಸ್‌ಟೌನ್ ಎಂಬ ಊರಿನಲ್ಲಿ ಹೆದರಿ ಎದ್ದು, ನಾನು ಎಲ್ಲಿದ್ದೇನೆ ಅಂತ ಕೇಳಿದ. ಅಷ್ಟು ದಿನ ಅಲ್ಲಿ ಎ. ಜೆ. ಬ್ರೌನ್ ಅನ್ನುವ ಹೆಸರಿನಲ್ಲಿ ಸಣ್ಣ ಅಂಗಡಿ ನಡೆಸಿದ್ದ. ಅಕ್ಕಪಕ್ಕದವರಿಗೆ ಏನೂ ವಿಚಿತ್ರ ಕಂಡಿರಲಿಲ್ಲ. 1890ರಲ್ಲಿ ವಿಲಿಯಂ ಜೇಮ್ಸ್ ಎಂಬ ಹೆಸರಾಂತ ಮನಃಶಾಸ್ತ್ರಜ್ಞ ಅವನಿಗೆ ಸಮ್ಮೋಹನ ಮಾಡಿದಾಗ ಬ್ರೌನ್ ಮತ್ತೆ ಬಾಯಿಬಿಟ್ಟು ಆ ದಿನಗಳ ಕತೆ ಹೇಳಿದ. ಆದ್ದರಿಂದ 1890ರ ದಶಕದ ಕತೆಯಲ್ಲಿ ಒಬ್ಬ ಮನುಷ್ಯ ಹೆಸರಿಲ್ಲದೆ ದೂರದ ಊರಿನಲ್ಲಿ ಎದ್ದರೆ, ಅದು ಆ ಕಾಲಕ್ಕೆ ಹೊಂದುವ ಕತೆಯೇ. ಅಪರೂಪ ಹೌದು, ಸುಳ್ಳು ಅನ್ನಲಾರೆ.

ಈ ಕಂತಿನ ಬಗ್ಗೆ ನಮ್ಮ ಮನೆಯಲ್ಲಿ ಜಾಸ್ತಿ ಜಗಳ ಆದದ್ದು ಬೇರೆ ವಿಷಯಕ್ಕೆ. ಬ್ರಿಸ್ಟಲ್‌ನಲ್ಲಿ ಮರ್ಡಾಕ್‌ಗೆ ಆನ್ನಾ ಫುಲ್ಫೋರ್ಡ್ ಎಂಬ ಹೆಣ್ಣು ಆಸರೆ ಆಗುತ್ತಾಳೆ, ಇಬ್ಬರೂ ಹತ್ತಿರವಾಗುತ್ತಾರೆ. ಟೊರಾಂಟೊದಲ್ಲಿ ಅವನು ಮನಸ್ಸು ಕೊಟ್ಟ ಡಾಕ್ಟರ್ ಜೂಲಿಯಾ ಆಗ್ಡೆನ್ ಇದ್ದಾಳೆ. ರಜೆಗೆ ಬಂದ ಅಕ್ಕ ಉಪ್ಪರಿಗೆಯಲ್ಲಿ ನನ್ನ ಜೊತೆ ಕೂತು ನೋಡಿ ಸಿಟ್ಟಾದಳು. ‘ಮರೆತೆ ಅಂದ್ರೆ ಮುಗೀತಾ? ನಮ್ಮ ದುಷ್ಯಂತನೂ ಹೀಗೇ ಅಂದದ್ದು’ ಅಂದಳು.

ಅಕ್ಕ ಹೇಳಿದ್ದು ನನ್ನನ್ನು ಬಹಳ ದಿನ ಕಾಡಿತು. ವ್ಯಾಸಭಾರತದ ದುಷ್ಯಂತ ಏನೂ ಮರೆತಿರಲಿಲ್ಲ. ತುಂಬಿದ ಸಭೆಯಲ್ಲಿ, ಎಲ್ಲ ಗೊತ್ತಿದ್ದೂ, ಶಕುಂತಲೆಯನ್ನು ನೀನು ಯಾರೋ ಅಂದ. ದೂರ್ವಾಸರ ಶಾಪ, ಮೀನಿನ ಹೊಟ್ಟೆಯ ಉಂಗುರ, ಇದೆಲ್ಲ ಬರುವುದು ಕಾಳಿದಾಸನ ನಾಟಕದಲ್ಲಿ. ಮರೆವು ಬಂದ ಮೇಲೆ ರಾಜನ ಮೇಲಿನ ನಮ್ಮ ಸಿಟ್ಟು ಕಡಿಮೆಯಾಯಿತು. ಮರ್ಡಾಕ್‌ಗೂ ಅವನನ್ನು ಬರೆದವರು ಅದೇ ಉಪಕಾರ ಮಾಡಿದ್ದಾರೆ. ನನಗೆ ಇದು ಮೋಸ ಅನ್ನಿಸುವುದಿಲ್ಲ. ಅಷ್ಟು ಕಟ್ಟುನಿಟ್ಟಿನ, ಪ್ರತಿ ಹೆಜ್ಜೆಯನ್ನೂ ತೂಗಿ ಇಡುವ ಮನುಷ್ಯ, ಹಿಂದಿನದು ಏನೂ ಹೆಗಲ ಮೇಲಿಲ್ಲದಿದ್ದರೆ ಹೇಗಿರುತ್ತಾನೆ ಅಂತ ನೋಡಲು ಆ ಒಂದು ಕಂತು ಬೇಕಿತ್ತು.

ಅಕ್ಕ ಒಪ್ಪಲಿಲ್ಲ. ಅವಳಿಗೆ ಕ್ಲೈವ್ ವೇರಿಂಗ್ ಎಂಬ ಇಂಗ್ಲೆಂಡಿನ ಸಂಗೀತಗಾರನ ಕತೆ ಗೊತ್ತಿತ್ತು. 1985ರಲ್ಲಿ ಮಿದುಳಿಗೆ ಸೋಂಕು ತಗುಲಿ, ಅರ್ಧ ನಿಮಿಷದ ಹಿಂದಿನದೂ ಅವರಿಗೆ ನಿಲ್ಲದಾಯಿತು. ಆದರೂ ಪಿಯಾನೊ ಮುಂದೆ ಕೂತರೆ ನುಡಿಸುತ್ತಿದ್ದರು. ಹೆಂಡತಿ ಕೋಣೆಗೆ ಬಂದರೆ ಪ್ರತಿ ಸಲವೂ ವರ್ಷಗಳ ನಂತರ ಸಿಕ್ಕಿದಷ್ಟು ಸಂತೋಷದಿಂದ ಅಪ್ಪಿಕೊಳ್ಳುತ್ತಿದ್ದರು. ‘ಅಷ್ಟು ಮರೆತವರಿಗೇ ಹೆಂಡತಿ ನೆನಪಿದ್ದಳು. ಜೂಲಿಯಾ ಯಾಕೆ ನೆನಪಿರಬಾರದಿತ್ತು?’ ಅನ್ನುವುದು ಅಕ್ಕನ ವಾದ. ನನ್ನ ಹತ್ತಿರ ಇದಕ್ಕೆ ಸರಿಯಾದ ಉತ್ತರ ಇಲ್ಲ. ಕಾಯಿಲೆ ಬೇರೆ ಬೇರೆ ಅಂದೆ, ಅಷ್ಟೇ.

ನಮ್ಮ ಜೋರು ಮಾತು ಕೇಳಿ ಆಯಿ ಮೆಟ್ಟಿಲ ಹತ್ತಿರ ಬಂದು ಎಂತದು ಅಂತ ಕೇಳಿದಳು. ಅಕ್ಕ ಕತೆ ಹೇಳಿದಳು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ‘ಅವತ್ತು ನಿಮ್ಮಪ್ಪಯ್ಯ ಏನೇನೆಲ್ಲ ಕೇಳಿದ. ವಾರ ಕೇಳಿದ, ಚಹ ಕೇಳಿದ, ಕೊನೆಗೌಡನ್ನ ಕೇಳಿದ. ನೀನು ಯಾರು ಅಂತ ನನ್ನನ್ನ ಒಂದ್ಸಲನೂ ಕೇಳ್ಲಿಲ್ಲ.’