ಬಾಣದ ಮೇಲೆ ಏನು ಬರೆದಿದೆ?

ಪತ್ರ: ಎಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಪಠ್ಯದ ಪ್ರತಿ ಮಾಡ್ಯೂಲ್‌ಗೂ (ಘಟಕಕ್ಕೂ) ರಾತ್ರಿಯೆಲ್ಲ ಕುಳಿತು ಪರಿಕಲ್ಪನಾ ನಕ್ಷೆ, ಅಂದರೆ ಪರಿಕಲ್ಪನೆಗಳನ್ನು ಚೌಕಗಳಲ್ಲಿ ಬರೆದು ಅವುಗಳ ಸಂಬಂಧವನ್ನು ಬಾಣಗಳ ಮೇಲೆ ಹೇಳುವ ಚಿತ್ರ, ತಯಾರಿಸಿ ಪರದೆಯ ಮೇಲೆ ತೋರಿಸುತ್ತೇನೆ. ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದು ಸುಮ್ಮನಾಗುತ್ತಾರೆ. ಅಂಕಗಳಲ್ಲಿ ವ್ಯತ್ಯಾಸವಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, ‘ಚಿತ್ರ ಬಿಡಿ, ಲೆಕ್ಕ ಮಾಡಿಸಿ’ ಎನ್ನುತ್ತಾರೆ. ಯಾರದು ಸರಿ?
– ಉಪನ್ಯಾಸಕಿ, ವಿಜಯನಗರ, ಬೆಂಗಳೂರು

ಉತ್ತರ: ಮೇಡಂ, ನಿಮ್ಮ ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ಲೆಕ್ಕ ಮಾಡದೆ ಯಾರೂ ಎಂಜಿನಿಯರ್ ಆಗಲಿಲ್ಲ. ಅವರಿಗೆ ಸಲ್ಲಬೇಕಾದದ್ದು ಅಷ್ಟೇ. ನನ್ನ ಒಲವು ನಕ್ಷೆಯ ಕಡೆಗೆ. ಆದರೆ ಅದನ್ನು ಬರೆಯುತ್ತಿರುವವರು ಯಾರು? ನೀವು! ಹಾಗಾದರೆ ಕಲಿಯುತ್ತಿರುವವರೂ ನೀವೇ. ಗಾಂಧಿ ಬಜಾರಿನ ದೋಸೆಯ ಫೋಟೊ ತೆಗೆದವನ ಹೊಟ್ಟೆ ತುಂಬುವುದಿಲ್ಲ.

ಈ ನಕ್ಷೆಯನ್ನು 1972ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಸಂಗಡಿಗರು ರೂಪಿಸಿದ್ದು ಪಾಠವನ್ನು ಅಂದಗೊಳಿಸಲು ಅಲ್ಲ, ಮಕ್ಕಳ ತಲೆಯಲ್ಲಿ ವಿಜ್ಞಾನ ಹೇಗೆ ಕೂತಿದೆ ಎಂದು ತಿಳಿಯಲು. ಚೌಕಗಳನ್ನು ಯಾರಾದರೂ ಬರೆಯಬಹುದು. ಎರಡು ಚೌಕಗಳ ನಡುವಿನ ಬಾಣದ ಮೇಲೆ ಏನು ಬರೆಯುತ್ತಾರೆ ಎಂಬಲ್ಲಿ ಹುಡುಗ ಸಿಕ್ಕಿಬೀಳುತ್ತಾನೆ.

ನನ್ನ ಅಣ್ಣನ ಮಗ ಬೀಮಿನ (ತೊಲೆಯ) ಶಿಯರ್ ಫೋರ್ಸ್ (ಅಡ್ಡಲಾಗಿ ಕತ್ತರಿಸಲೆತ್ನಿಸುವ ಬಲ), ಬೆಂಡಿಂಗ್ ಮೊಮೆಂಟ್ (ಬಾಗಿಸಲೆತ್ನಿಸುವ ಪರಿಣಾಮ) ಚಿತ್ರಗಳನ್ನು ಸ್ಕೇಲ್ ಹಿಡಿದು ಸೊಗಸಾಗಿ ಎಳೆಯುತ್ತಾನೆ. ಎರಡಕ್ಕೂ ಏನಪ್ಪಾ ಸಂಬಂಧ ಎಂದರೆ, ‘ಎರಡೂ ಒಂದೇ ಪ್ರಶ್ನೆಯಲ್ಲಿ ಬರುತ್ತವೆ, ಚಿಕ್ಕಪ್ಪ’ ಎಂದ! ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಕೊಟ್ಟೆ. ಭಾರ, ಶಿಯರ್, ಮೊಮೆಂಟ್ ಎಂದು ಮೂರು ಚೌಕ ಬಿದ್ದವು. ಬಾಣವೂ ಬಿತ್ತು. ಅದರ ಮೇಲೆ ಪೆನ್ನು ನಿಂತಿತು. ‘ಅವಲಂಬಿಸಿದೆ’ ಎಂದು ಬರೆದ, ಹೊಡೆದುಹಾಕಿದ. ಬಹಳ ಹೊತ್ತಿನ ಮೇಲೆ ‘ಇಳಿಜಾರು’ ಎಂದು ಬರೆದು ತಲೆಯೆತ್ತಿದ: ‘ಮೊಮೆಂಟ್ ರೇಖೆಯ ಇಳಿಜಾರೇ ಶಿಯರ್. ಅದಕ್ಕೇನಾ ಬೀಮಿನ ಮಧ್ಯದಲ್ಲಿ ಶಿಯರ್ ಸೊನ್ನೆಯಾದಾಗ ಮೊಮೆಂಟ್ ಗರಿಷ್ಠವಾಗುವುದು?’ ಆ ಬೀಮಿನ ಲೆಕ್ಕವನ್ನು ಅವನು ಎಷ್ಟೋ ಸಲ ಮಾಡಿ ಪೂರ್ಣ ಅಂಕ ಪಡೆದಿದ್ದ. ನಿಮ್ಮ ಹಿರಿಯರಿಗೆ ಇದನ್ನು ತಿಳಿಸಿ.

ಹುಡುಗರೇ ಬರೆದರೂ ಪುಸ್ತಕ ತೆರೆದಿಟ್ಟುಕೊಂಡರೆ ಪ್ರಯೋಜನ ಅಷ್ಟಕ್ಕಷ್ಟೆ. ಪರ್ಡ್ಯೂ ವಿಶ್ವವಿದ್ಯಾಲಯದ ಕಾರ್ಪಿಕ್ ಮತ್ತು ಬ್ಲಂಟ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಪಠ್ಯ ನೋಡುತ್ತಾ ನಕ್ಷೆ ಬರೆದವರಿಗಿಂತ, ಪಠ್ಯ ಮುಚ್ಚಿಟ್ಟು ನೆನಪಿಸಿಕೊಂಡವರು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಕ್ಷೆಯ ಕಥೆ ಮುಗಿಯಿತು ಎಂದು ಕೆಲವರು ಸಂಭ್ರಮಿಸಿದರು. ಅವರಿಬ್ಬರೇ 2014ರಲ್ಲಿ, ಪಠ್ಯ ಮುಚ್ಚಿ ನಕ್ಷೆ ಬರೆದರೂ ಅದೇ ಲಾಭ ಎಂದು ತೋರಿಸಿದ್ದು ಆ ಸಂಭ್ರಮದವರ ಕಿವಿಗೆ ಬೀಳಲಿಲ್ಲ.

ಇನ್ನು ಅಂಕಗಳ ಮಾತು. ನಕ್ಷೆಗೆ ಅಂಕ ಕೊಡಲು 1984ರಲ್ಲಿ ನೊವಾಕ್ ಮತ್ತು ಅವರ ಸಹೋದ್ಯೋಗಿ ಗೋವಿನ್ ಸೂಚಿಸಿದ ಪದ್ಧತಿಯಲ್ಲಿ ಸರಿಯಾದ ಸಾಮಾನ್ಯ ಸಂಬಂಧಕ್ಕೆ 1 ಅಂಕ. ದೂರದ ಎರಡು ಕವಲುಗಳನ್ನು ಬೆಸೆಯುವ ಮಹತ್ವದ ಅಡ್ಡ ಸಂಬಂಧಕ್ಕೆ 10. ನಮ್ಮಲ್ಲಿ? ಪಠ್ಯಕ್ಕೆ ಐದು ಮಾಡ್ಯೂಲ್, ಮಾಡ್ಯೂಲ್‌ಗೊಂದು ಪೂರ್ಣ ಪ್ರಶ್ನೆ. ಒಂದನೆಯದಕ್ಕೂ ನಾಲ್ಕನೆಯದಕ್ಕೂ ನಂಟಿದೆ ಎಂದು ಕಂಡುಕೊಂಡ ಹುಡುಗಿಗೆ ಅರ್ಧ ಅಂಕವೂ ದಕ್ಕುವುದಿಲ್ಲ. ನೀವೂ ಮಾಡ್ಯೂಲ್‌ಗೊಂದರಂತೆ ನಕ್ಷೆ ಮಾಡಿ ಆ ಗೋಡೆಗಳಿಗೆ ಬಣ್ಣ ಬಳಿದಿದ್ದೀರಿ, ಬೇಸರಿಸಬೇಡಿ.

ಅದರ ಮೇಲೆ ಈ ಕಡತಗಳ ಹಾವಳಿ. ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯನಾಯಿತು, ಸಂತೋಷ. ಆದರೆ ಮಾನ್ಯತೆಯ ತಂಡ ಬರುತ್ತದೆಂದರೆ ಅಧ್ಯಾಪಕರು ಪಾಠ ಬಿಟ್ಟು, ಕೋರ್ಸಿನ ಫಲಿತಗಳನ್ನು (ಒಂದು ವಿಷಯದಿಂದ ಕಲಿಯಬೇಕಾದದ್ದು) ಕಾರ್ಯಕ್ರಮದ ಫಲಿತಗಳಿಗೆ (ಇಡೀ ಪದವಿಯಿಂದ ಕಲಿಯಬೇಕಾದದ್ದು) ಹೊಂದಿಸುವ ಕೋಷ್ಟಕಗಳಲ್ಲಿ, ನಂಟು ಎಷ್ಟು ಗಟ್ಟಿ ಎಂದು 1, 2, 3 ತುಂಬುತ್ತಾ ಕೂರುತ್ತಾರೆ. ಅಲ್ಲಿ 2ರ ಬದಲು 3 ಏಕೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಬಾಣವುಂಟು, ಬಾಣದ ಮೇಲೆ ಮಾತಿಲ್ಲ. ಗುರುಗಳದೇ ಈ ಪಾಡಾದರೆ ಶಿಷ್ಯರನ್ನು ದೂರಿ ಏನು ಫಲ?

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಪುಸ್ತಕ, ಮೊಬೈಲ್ ಮುಚ್ಚಿಸಿ ಖಾಲಿ ಹಾಳೆ ಹಂಚಿ. ಅರವತ್ತು ಹಾಳೆ ತಿದ್ದಲು ಬಿಡುವೆಲ್ಲಿ ಎನ್ನುತ್ತೀರಿ. ಪಕ್ಕದವರೊಡನೆ ಬದಲಾಯಿಸಿಕೊಂಡು ಬಾಣಗಳ ಬಗ್ಗೆ ಜಗಳವಾಡಲಿ, ನೀವು ನಡುವೆ ಓಡಾಡಿ. ಒಂದೆರಡು ಹಾಳೆಗಳನ್ನು ಗೀಚಿದ ಗುರುತುಗಳ ಸಮೇತ ನಮಗೂ ಕಳುಹಿಸಿ, ಅಚ್ಚು ಹಾಕುತ್ತೇವೆ. ಮಾನ್ಯತೆಯ ತಂಡಕ್ಕೆ ತೋರಿಸುವ ಕೋರ್ಸ್ ಫೈಲಿಗೆ ನಕ್ಷೆ ಬೇಕೆಂದು ಕೇಳಿದರೆ ರಾತ್ರಿಯೆಲ್ಲ ಕುಳಿತು ಮಾಡಿದ್ದನ್ನೇ ಕೊಟ್ಟುಬಿಡಿ.
– ಸಂ.