ಈರುಳ್ಳಿಯಲ್ಲಿ ಕ್ವೆರ್ಸೆಟಿನ್ (ಗಿಡಗಳಲ್ಲಿ ಸಿಗುವ ಒಂದು ಹಳದಿ ಪದಾರ್ಥ) ಜಾಸ್ತಿ ಅಂತಾರೆ, ನನ್ನ ಎಚ್‌ಪಿಎಲ್‌ಸಿಯಲ್ಲಿ ಅದರ ಪೀಕ್ ಯಾಕೆ ಇಷ್ಟು ಚಿಕ್ಕದು?

ನಿಮ್ಮ ಎಚ್‌ಪಿಎಲ್‌ಸಿ, ಅಂದರೆ ಮಿಶ್ರಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಒಂದೊಂದನ್ನೂ ಒಂದು ಪೀಕ್ ಆಗಿ ತೋರಿಸುವ ಮಷೀನ್, ಕೆಟ್ಟಿಲ್ಲ, ಗಾಬರಿ ಬೇಡ. ಬರೀ ಸ್ಟ್ಯಾಂಡರ್ಡ್ (ಹೋಲಿಕೆಗೆ ಇಟ್ಟ ಶುದ್ಧ ಕ್ವೆರ್ಸೆಟಿನ್) ಹಾಕಿದರೆ ಪೀಕ್ ಚೆನ್ನಾಗಿ ಬರುತ್ತದೆ, ಈರುಳ್ಳಿ ತಿರುಳಿನ ಸಾರ ಹಾಕಿದಾಗ ಮಾತ್ರ ಚಿಕ್ಕದಾಗುತ್ತದೆ, ಅದಕ್ಕೂ ಮುಂಚೆ ಎರಡು ದೊಡ್ಡ ಪೀಕ್ ಬರುತ್ತವೆ ಅಂತ ನೀವೇ ಬರೆದಿದ್ದೀರಿ ಅಲ್ವಾ? ನೀವು ಹುಡುಕುತ್ತಿರುವುದು ಬಹುಶಃ ಆ ಎರಡರಲ್ಲೇ ಇದೆ.

ಈರುಳ್ಳಿ ತಿರುಳಿನಲ್ಲಿ ಕ್ವೆರ್ಸೆಟಿನ್ ಒಂಟಿಯಾಗಿ ಇರುವುದು ತುಂಬಾ ಕಡಿಮೆ. ಬಹುಪಾಲು ಗ್ಲೂಕೋಸ್‌ಗೆ ಅಂಟಿಕೊಂಡಿರುತ್ತದೆ, ಕೆಲವಕ್ಕೆ ಒಂದು ಗ್ಲೂಕೋಸ್, ಕೆಲವಕ್ಕೆ ಎರಡು. ಸಕ್ಕರೆ ಅಂಟಿದ್ದು ನೀರಿನಲ್ಲಿ ಸುಲಭವಾಗಿ ಬೆರೆಯುತ್ತದೆ, ಸಿ18 ಕಾಲಮ್‌ಗೆ (ಮಷೀನ್ ಒಳಗೆ ಪದಾರ್ಥಗಳನ್ನು ಬೇರ್ಪಡಿಸುವ, ಎಣ್ಣೆಯಂಥ ಗುಣದ ಪುಡಿ ತುಂಬಿದ ಕೊಳವೆ) ಅಷ್ಟಾಗಿ ಅಂಟುವುದಿಲ್ಲ, ಹಾಗಾಗಿ ಬೇಗ ಹೊರಗೆ ಬಂದುಬಿಡುತ್ತದೆ. ಎರಡು ಗ್ಲೂಕೋಸ್ ಇರುವುದು ಮೊದಲು, ಒಂದು ಇರುವುದು ಆಮೇಲೆ, ಬರೀ ಕ್ವೆರ್ಸೆಟಿನ್ ಕೊನೆಗೆ. ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕ ಅಳೆಯುವ ಯಂತ್ರ) ಸಿಗುವುದಾದರೆ ನೆಗೆಟಿವ್ ಮೋಡ್‌ನಲ್ಲಿ, ಅಂದರೆ ಅಣುಗಳಿಗೆ ಋಣ ವಿದ್ಯುದಾವೇಶ ಕೊಟ್ಟು ಅಳೆಯುವಾಗ, ಇದೇ ಕ್ರಮದಲ್ಲಿ 625, 463, 301 ಈ ಮೂರು ಸಂಖ್ಯೆ ಹುಡುಕಿ. ಒಂದೊಂದು ಗ್ಲೂಕೋಸ್ ಕಳಚಿದಾಗಲೂ 162 ಕಡಿಮೆಯಾಗುತ್ತದೆ. ನಾನು ಮೊದಲ ಸಲ ಇದನ್ನು ಪರದೆ ಮೇಲೆ ನೋಡಿದಾಗ ಎಷ್ಟು ಖುಷಿಯಾಗಿತ್ತು ಅಂದರೆ ಅವತ್ತು ಊಟಕ್ಕೂ ಏಳಲಿಲ್ಲ.

ಈಗ ಮಾಡಬೇಕಾದ್ದು. ಒಟ್ಟು ಕ್ವೆರ್ಸೆಟಿನ್ ಎಷ್ಟು ಅಂತ ಮಾತ್ರ ಬೇಕಿದ್ದರೆ, ಸಾರಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಬಿಸಿ ಮಾಡಿ ಸಕ್ಕರೆ ಕಳಚಿ. 50% ಮೆಥನಾಲ್‌ನಲ್ಲಿ 1.2 ಮೋಲಾರ್ ಆಸಿಡ್, 90 ಡಿಗ್ರಿ, 2 ಗಂಟೆ ಅನ್ನುವುದು ಹಳೆಯ, ಚೆನ್ನಾಗಿ ಪಳಗಿದ ವಿಧಾನ. ಆದರೆ ಅದನ್ನು ಸುಮ್ನೆ ನಕಲು ಮಾಡಬೇಡಿ. ಹೆಚ್ಚು ಹೊತ್ತು ಕಾಯಿಸಿದರೆ ಕ್ವೆರ್ಸೆಟಿನ್ನೇ ಹಾಳಾಗುತ್ತದೆ. 30, 60, 90, 120 ನಿಮಿಷಕ್ಕೆ ಒಂದೊಂದು ವಯಲ್ (ಚಿಕ್ಕ ಶೀಶೆ) ತೆಗೆದು ಮಷೀನ್‌ಗೆ ಹಾಕಿ ನೋಡಿ, ಪೀಕ್ ಬೆಳೆಯುವುದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಸಮಯ. ಯಾವ ರೂಪದಲ್ಲಿ ಎಷ್ಟಿದೆ ಅಂತ ಬೇಕಿದ್ದರೆ ಆಸಿಡ್ ಬೇಡ, ಗ್ಲೂಕೋಸೈಡ್‌ಗಳ (ಗ್ಲೂಕೋಸ್ ಅಂಟಿದ ರೂಪಗಳ) ಸ್ಟ್ಯಾಂಡರ್ಡ್ ತರಿಸಿ. ಲೆಕ್ಕ ಹಾಕುವಾಗ ನೆನಪಿಡಿ, ಒಂದು ಗ್ಲೂಕೋಸ್ ಇರುವುದರ 1 ಮಿಲಿಗ್ರಾಂನಲ್ಲಿ ಕ್ವೆರ್ಸೆಟಿನ್ ಇರುವುದು 0.65 ಮಿಲಿಗ್ರಾಂ ಮಾತ್ರ.

ಈರುಳ್ಳಿ ಹೆಚ್ಚಿ ಹಾಗೇ ಬಿಡಬೇಡಿ. ಹೆಚ್ಚಿದ, ಜಜ್ಜಿದ ತಕ್ಷಣ ಅದರೊಳಗಿನ ಕಿಣ್ವಗಳು ಸಕ್ಕರೆ ಕಳಚಲು ಶುರು ಮಾಡುತ್ತವೆ, ಬೆಳಿಗ್ಗೆ ಹೆಚ್ಚಿದ್ದಕ್ಕೂ ಸಂಜೆ ಹೆಚ್ಚಿದ್ದಕ್ಕೂ ಉತ್ತರ ಬೇರೆ ಬರುತ್ತದೆ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಫ್ರೀಜ್ ಡ್ರೈ ಮಾಡಿದರೆ (ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ನೀರು ತೆಗೆದು ಒಣಗಿಸಿದರೆ) ಒಳ್ಳೆಯದು.

ಇನ್ನೊಂದು ಮಾತು, ಇದರಲ್ಲಿ ನನ್ನದೇ ಒಂದು ವಾರ ಹೋಗಿದೆ. ಪೂರ್ತಿ ಮೆಥನಾಲ್‌ನಲ್ಲಿದ್ದ ಸಾರವನ್ನು ನೇರವಾಗಿ ಹಾಕಿದ್ದೆ, ಮೊದಲ ಪೀಕ್ ಎರಡಾಗಿ ಸೀಳಿತು, ಎರಡು ಬೇರೆ ಪದಾರ್ಥ ಅಂತ ನಂಬಿ ಹುಡುಕುತ್ತಾ ಕೂತೆ. ಸಾರವನ್ನು ಶುರುವಿನ ಮೊಬೈಲ್ ಫೇಸ್‌ನಲ್ಲಿ (ಕಾಲಮ್ ಮೂಲಕ ಮೊದಲಿಗೆ ಹರಿಸುವ ದ್ರವ) ತೆಳು ಮಾಡಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಹಾಕಿದಾಗ ಒಂದೇ ಪೀಕ್ ಬಂತು. ನಿಮ್ಮ ಆ ಎರಡು ಪೀಕ್ ತೀರಾ ಅಕ್ಕಪಕ್ಕದಲ್ಲಿದ್ದರೆ ಮೊದಲು ಇದನ್ನೇ ಮಾಡಿ ನೋಡಿ.